ಊಟದ ಹೊತ್ತು, ಭಾನುವಾರದ ಬೆಳಗು

1943ರ ನವೆಂಬರ್ 16, ಮಂಗಳವಾರ. ಇಂಗ್ಲೆಂಡಿನಿಂದ ಹೊರಟ ಅಮೆರಿಕದ ಬಿ-17 ಬಾಂಬರುಗಳು ಗೊತ್ತುಮಾಡಿದ್ದ ವೇಳೆಗಿಂತ ಮೊದಲೇ ನಾರ್ವೆಯ ಕರಾವಳಿಗೆ ಬಂದುಬಿಟ್ಟವು. ಮುಂದಿದ್ದ ಅಧಿಕಾರಿ ನೇರವಾಗಿ ಗುರಿಯತ್ತ ಹೋಗದೆ ಪಡೆಯನ್ನು ಸಮುದ್ರದ ಮೇಲೆ ಒಂದು ಸುತ್ತು ಹಾಕಿಸಿದ. ವೆಮೋರ್ಕ್ ಕಾರ್ಖಾನೆಯ ಕೆಲಸಗಾರರು ಊಟಕ್ಕೆ ಏಳುವುದು ಹನ್ನೊಂದೂವರೆಗೆ. ಆಮೇಲಿನ ಅರ್ಧ ಗಂಟೆಯಲ್ಲಿ ಬಾಂಬು ಹಾಕಿದರೆ ಒಳಗಿರುವ ನಾರ್ವೆಯವರು ಕಡಿಮೆ ಸಾಯುತ್ತಾರೆ ಎಂಬುದು ಲೆಕ್ಕ. ಸುತ್ತು ಹಾಕುವಷ್ಟರಲ್ಲಿ ಕೆಳಗಿನ ಜರ್ಮನ್ ಪಡೆ ಎಚ್ಚೆತ್ತುಕೊಂಡಿತು. ಆದರೂ ವಿಮಾನಗಳು ಕಾದವು.

ವೆಮೋರ್ಕ್ ಇರುವುದು ರ್ಯೂಕಾನ್ ಎಂಬ ಪಟ್ಟಣದ ಪಕ್ಕದ ಕಡಿದಾದ ಕಣಿವೆಯಲ್ಲಿ. ಊರು ಹುಟ್ಟಿದ್ದೇ ನಾರ್ಸ್ಕ್ ಹೈಡ್ರೊ ಕಂಪನಿಯಿಂದ. ಜಲಪಾತದ ನೀರಿನಿಂದ ವಿದ್ಯುತ್ತು, ವಿದ್ಯುತ್ತಿನಿಂದ ಗೊಬ್ಬರ, ಗೊಬ್ಬರದಿಂದ ಸಂಬಳ. ಬೆಟ್ಟಗಳು ಎಷ್ಟು ಎತ್ತರವೆಂದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಊರಿಗೆ ಬಿಸಿಲೇ ಬೀಳುವುದಿಲ್ಲ. ಜನ ಬೆಟ್ಟದ ಮೇಲೆ ಹೋಗಿ ಸೂರ್ಯನನ್ನು ನೋಡಿ ಬರಲಿ ಎಂದು ಕಂಪನಿಯೇ 1928ರಲ್ಲಿ ಒಂದು ರೋಪ್‌ವೇ ಹಾಕಿಸಿಕೊಟ್ಟಿತು.

ಗೊಬ್ಬರಕ್ಕಾಗಿ ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆಯುವಾಗ ಉಳಿಯುವ ನೀರಿನಲ್ಲಿ ಭಾರಜಲದ ಅಂಶ ಹೆಚ್ಚುತ್ತ ಹೋಗುತ್ತದೆ. 1930ರ ದಶಕದಲ್ಲಿ ಅದು ಪ್ರಯೋಗಾಲಯಗಳಿಗೆ ಮಾರುವ ದುಬಾರಿ ಸರಕು, ಅಷ್ಟೆ. ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸಲು ಅದು ಬೇಕು ಎಂದು ಗೊತ್ತಾದ ಮೇಲೆ ಮಾತೇ ಬೇರೆಯಾಯಿತು. (ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದ 220 ಮೆಗಾವಾಟಿನ ನಾಲ್ಕೂ ಘಟಕಗಳು ನಡೆಯುವುದು ಇದೇ ಭಾರಜಲದಿಂದ.) 1940ರಲ್ಲಿ ಜರ್ಮನಿ ನಾರ್ವೆಯನ್ನು ಹಿಡಿದಾಗ ಭಾರಜಲವನ್ನು ಕೈಗಾರಿಕಾ ಪ್ರಮಾಣದಲ್ಲಿ ತಯಾರಿಸುವ ಜಾಗ ವೆಮೋರ್ಕ್ ಬಿಟ್ಟರೆ ಯುರೋಪಿನಲ್ಲಿ ಇನ್ನೊಂದು ಇರಲಿಲ್ಲ.

ಈ ಕಥೆಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ 1943ರ ಫೆಬ್ರವರಿಯದು. ಹಿಮದ ಮೇಲೆ ಸ್ಕೀ ಮಾಡಿಕೊಂಡು ಬಂದ ನಾರ್ವೆಯ ಒಂಬತ್ತು ಮಂದಿ ರಾತ್ರಿ ಕಮರಿ ಇಳಿದು, ಹತ್ತಿ, ನೆಲಮಾಳಿಗೆಯ ಭಾರಜಲದ ಘಟಕವನ್ನು ಸ್ಫೋಟಿಸಿದರು. ಸಿನಿಮಾ ಆಗಿದೆ, ಪುಸ್ತಕಗಳಾಗಿವೆ. ಸಿನಿಮಾದವರಿಗೆ ಅಷ್ಟಾಗಿ ಬೇಡವಾದ ಒಂದು ವಿವರ ಅದರಲ್ಲಿದೆ: ಬಂದವರೆಲ್ಲ ಬ್ರಿಟಿಷ್ ಸೇನೆಯ ಸಮವಸ್ತ್ರ ತೊಟ್ಟಿದ್ದರು, ಹೋಗುವಾಗ ಬ್ರಿಟಿಷರು ಬಳಸುವ ಟಾಮಿ ಗನ್ನೊಂದನ್ನು ಬೇಕೆಂದೇ ಬಿಟ್ಟುಹೋದರು. ಇದು ಹೊರಗಿನ ಸೈನಿಕರ ಕೆಲಸವೆಂದು ಜರ್ಮನ್ನರು ನಂಬಿದರೆ ಊರಿನವರ ಮೇಲೆ ಸೇಡು ತೀರಿಸಿಕೊಳ್ಳಲಾರರು ಎಂಬ ಆಸೆ. ಆ ರಾತ್ರಿ ಯಾರೂ ಸಾಯಲಿಲ್ಲ.

ಆದರೆ ಕೆಲವೇ ತಿಂಗಳಲ್ಲಿ ಜರ್ಮನ್ನರು ಘಟಕವನ್ನು ಮತ್ತೆ ನಡೆಸತೊಡಗಿದರು. ಆಗ ಬಂದದ್ದೇ ಬಾಂಬರುಗಳ ಯೋಚನೆ. ಭಾರಜಲದ ಘಟಕವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಒಬ್ಬನಾದ, ಆಗ ಲಂಡನ್ನಿನಲ್ಲಿದ್ದ ವಿಜ್ಞಾನಿ ಲೈಫ್ ಟ್ರಾನ್‌ಸ್ಟಾಡ್ ಇದಕ್ಕೆ ಒಪ್ಪಿರಲಿಲ್ಲ. ಕಾಂಕ್ರೀಟು ಕಟ್ಟಡದ ನೆಲಮಾಳಿಗೆಗೆ ಬಾಂಬು ತಲುಪುವುದು ಅನುಮಾನ, ಅಮೋನಿಯಾ ಇರುವ ಊರಿನ ಮೇಲೆ ಬಾಂಬು ಬಿದ್ದರೆ ಜನರ ಗತಿ ಏನು ಎಂಬುದು ಅವನ ವಾದ. ಅವನ ಮಾತು ನಡೆಯಲಿಲ್ಲ.

ಆ ಮಂಗಳವಾರ ವೆಮೋರ್ಕ್ ಮೇಲೆ 700ಕ್ಕೂ ಹೆಚ್ಚು ಬಾಂಬುಗಳು ಬಿದ್ದವು. ಬಹುಪಾಲು ಗುರಿ ತಪ್ಪಿದವು. ಕಣಿವೆಯ ಕೆಳಗಿನ ಗೊಬ್ಬರ ಕಾರ್ಖಾನೆಯ ಮೇಲೂ ಬಾಂಬು ಹಾಕಿದರು. ಊಟದ ಹೊತ್ತಿನ ಲೆಕ್ಕ ಯಂತ್ರಗಳ ಮುಂದೆ ನಿಲ್ಲುವ ಗಂಡಸರಿಗೆ ಸರಿಹೋಗಿತ್ತೇನೋ. ಮನೆಯಲ್ಲಿದ್ದವರು ಆ ಲೆಕ್ಕದೊಳಗೆ ಬಂದಿರಲಿಲ್ಲ. ಸೈರನ್ ಕೇಳಿ ಆಶ್ರಯ ಕೋಣೆಗೆ ಓಡಿದ್ದ ಹೆಂಗಸರು, ಮಕ್ಕಳ ಮೇಲೆಯೇ ಒಂದು ಬಾಂಬು ನೇರವಾಗಿ ಬಿತ್ತು. ಒಟ್ಟು 20ಕ್ಕೂ ಹೆಚ್ಚು ನಾಗರಿಕರು ಸತ್ತರು. ಟ್ರಾನ್‌ಸ್ಟಾಡ್ ಹೇಳಿದಂತೆಯೇ ನೆಲಮಾಳಿಗೆಯ ಭಾರಜಲಕ್ಕೆ ಏನೂ ಆಗಲಿಲ್ಲ. ತಮ್ಮನ್ನು ಒಂದು ಮಾತೂ ಕೇಳದೆ ತಮ್ಮ ಜನರ ಮೇಲೆ ಬಾಂಬು ಹಾಕಿದ್ದಕ್ಕೆ ಲಂಡನ್ನಿನಲ್ಲಿದ್ದ ನಾರ್ವೆ ಸರ್ಕಾರ ಮಿತ್ರರಾಷ್ಟ್ರಗಳಿಗೆ ಪ್ರತಿಭಟನೆ ಸಲ್ಲಿಸಿತು.

ದಾಳಿಯಿಂದ ಒಂದು ಫಲವಂತೂ ಸಿಕ್ಕಿತು. ಇನ್ನು ಇಲ್ಲಿ ಕೆಲಸ ಸಾಗದೆಂದು ಜರ್ಮನ್ನರು ಉಳಿದ ಭಾರಜಲವನ್ನು ಪೀಪಾಯಿಗಳಲ್ಲಿ ತುಂಬಿ ತಮ್ಮ ದೇಶಕ್ಕೆ ಸಾಗಿಸಲು ಹೊರಟರು. ಸಾಗಿಸುವ ದಾರಿಯಲ್ಲಿ ಒಂದು ಸರೋವರ. ಅದನ್ನು ದಾಟಲು ರೈಲು ಬೋಗಿಗಳನ್ನೇ ಹೊತ್ತೊಯ್ಯುವ ಫೆರಿ, ಹೆಸರು ‘ಹೈಡ್ರೊ’. ಊರಿನವರು ದಿನವೂ ಓಡಾಡುವ ಹಡಗು ಅದು. ಅದನ್ನು ಮುಳುಗಿಸುವ ಹೊಣೆ ಫೆಬ್ರವರಿಯ ದಾಳಿಯಲ್ಲಿದ್ದ ಕ್ನುಟ್ ಹೌಕೆಲಿಡ್ ಮೇಲೆ ಬಿತ್ತು.

ಕಾರ್ಖಾನೆಯೊಳಗಿನ ಎಂಜಿನಿಯರುಗಳಿಗೆ ಇಷ್ಟು ಜೀವ ತೆರುವಷ್ಟು ದೊಡ್ಡ ಕೆಲಸವೇ ಇದು ಎಂಬ ಅನುಮಾನ. ರೇಡಿಯೊದಲ್ಲಿ ಲಂಡನ್ನಿಗೆ ಕೇಳಿದರು. ಭಾರಜಲ ನಾಶವಾಗಲೇಬೇಕು, ಅನಾಹುತ ತೀರ ದೊಡ್ಡದಾಗದಿರಲಿ ಎಂಬ ಅರ್ಥದ ಉತ್ತರ ಬಂತು. ಉಳಿದದ್ದು ದಿನ ಆರಿಸುವ ಕೆಲಸ. ಭಾನುವಾರ ಪ್ರಯಾಣಿಕರು ಕಡಿಮೆ; ಪೀಪಾಯಿಗಳು ಆ ದಿನವೇ ಹೋಗುವಂತೆ ಒಳಗಿನವರು ನೋಡಿಕೊಂಡರು. ಹಡಗು ದಡದಿಂದ ದೂರ, ಆಳದ ನೀರಿನಲ್ಲಿ ಇರುವ ಹೊತ್ತಿಗೆ ಸಿಡಿಯುವಂತೆ ಅಲಾರಂ ಗಡಿಯಾರಗಳನ್ನು ಜೋಡಿಸಿದರು. ಶನಿವಾರ ರಾತ್ರಿ ಹಡಗಿನ ತಳಕ್ಕಿಳಿಯುವಾಗ ಕಾವಲುಗಾರನೊಬ್ಬ ಎದುರಾದ. ಗೆಸ್ಟಾಪೋದಿಂದ ತಲೆಮರೆಸಿಕೊಳ್ಳಲು ಬಂದವರು ಎಂದು ತಿಳಿದು ದಾರಿ ಬಿಟ್ಟ. ಹೌಕೆಲಿಡ್ ಹೊರಡುವಾಗ ಅವನ ಕೈಕುಲುಕಿದ. ಬೆಳಿಗ್ಗೆ ಹಡಗು ಹತ್ತಬೇಡ ಎಂದು ಹೇಳುವಂತಿರಲಿಲ್ಲ.

1944ರ ಫೆಬ್ರವರಿ 20ರ ಬೆಳಿಗ್ಗೆ ‘ಹೈಡ್ರೊ’ ಟಿನ್ ಸರೋವರದಲ್ಲಿ 400 ಮೀಟರಿಗೂ ಹೆಚ್ಚು ಆಳಕ್ಕೆ ಮುಳುಗಿತು. 18 ಮಂದಿ ಸತ್ತರು. ಅವರಲ್ಲಿ ಜರ್ಮನ್ ಸೈನಿಕರು ನಾಲ್ವರೇ. ಮಿಕ್ಕ 14 ಮಂದಿ ನಾರ್ವೆಯ ಪ್ರಯಾಣಿಕರು, ಹಡಗಿನ ಕೆಲಸಗಾರರು. ದಡದ ರೈತರು ದೋಣಿ ಹಾಕಿಕೊಂಡು ಹೋಗಿ 29 ಮಂದಿಯನ್ನು ಉಳಿಸಿಕೊಂಡರು.

ಯುದ್ಧ ಮುಗಿದ ಮೇಲೆ ತಿಳಿದುಬಂದದ್ದು ಕಹಿಯಾಗಿತ್ತು. ಜರ್ಮನಿ 1942ರಲ್ಲೇ ಬಾಂಬು ತಯಾರಿಕೆಯನ್ನು ದೊಡ್ಡ ಯೋಜನೆಯಾಗಿ ಕೈಗೆತ್ತಿಕೊಳ್ಳುವ ಯೋಚನೆ ಬಿಟ್ಟಿತ್ತು. 1945ರಲ್ಲಿ ಹೈಗರ್‌ಲಾಖ್‌ನ ಗುಹೆಯೊಂದರಲ್ಲಿ ಕೊನೆಯದಾಗಿ ಕಟ್ಟಿದ ರಿಯಾಕ್ಟರೂ ನಡೆಯಲಿಲ್ಲ. ಹಾಗಂತ 1943ರಲ್ಲಿ ಲಂಡನ್ನಿನಲ್ಲಿ ಕೂತವರನ್ನು ಇಂದಿನ ತಿಳಿವಳಿಕೆಯಿಂದ ಅಳೆಯುವುದು ನ್ಯಾಯವಲ್ಲ. ಅವರಿಗಿದ್ದದ್ದು ಭಯ ಮಾತ್ರ. ಆದರೆ ಆ ಭಯದ ಬೆಲೆಯನ್ನು ಕಟ್ಟಿದ್ದು ಕಣಿವೆಯ ಜನ.

ಭಾನುವಾರದ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. 1981ರ ಜೂನ್ 7ರಂದು ಇಸ್ರೇಲಿನ ಎಂಟು ಎಫ್-16 ವಿಮಾನಗಳು ಬಾಗ್ದಾದ್ ಹತ್ತಿರದ ತುವೈಥಾದಲ್ಲಿ ಫ್ರಾನ್ಸ್ ಕಟ್ಟಿಕೊಡುತ್ತಿದ್ದ ಒಸಿರಾಕ್ ರಿಯಾಕ್ಟರನ್ನು ಒಡೆದುಹಾಕಿದವು. ಅದೂ ಭಾನುವಾರವೇ. ಕ್ರೈಸ್ತ ತಂತ್ರಜ್ಞರು ವಾರದ ರಜೆಯಲ್ಲಿರುತ್ತಾರೆ ಎಂದು ಆ ದಿನ ಆರಿಸಿದೆವು ಎಂದು ಇಸ್ರೇಲ್ ಸರ್ಕಾರವೇ ಹೇಳಿತು. ಇಂಧನ ತುಂಬಿದ ಮೇಲೆ ಹೊಡೆದಿದ್ದರೆ ವಿಕಿರಣ ಬಾಗ್ದಾದಿನ ಮೇಲೆ ಬೀಳುತ್ತಿತ್ತು, ಅದಕ್ಕೇ ಮೊದಲೇ ಹೊಡೆದೆವು ಎಂಬುದು ಅವರ ಇನ್ನೊಂದು ಸಮಜಾಯಿಷಿ. ಇಂಧನ ತುಂಬಿರಲಿಲ್ಲ ಎಂಬುದೇನೋ ನಿಜ. ಆದರೆ ಇರಾಕಿನಲ್ಲಿ ವಾರದ ರಜೆ ಶುಕ್ರವಾರ. ಅಂದು ಸತ್ತವರಲ್ಲಿ ಇರಾಕಿ ಸೈನಿಕರ ಜೊತೆ ಫ್ರಾನ್ಸಿನ ಒಬ್ಬ ತಂತ್ರಜ್ಞನೂ ಇದ್ದ.

ಅದೇ ತುವೈಥಾದ ಜನಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಯಾವ ವಿಮಾನದಿಂದಲೂ ಅಲ್ಲ. 2003ರಲ್ಲಿ ಅಮೆರಿಕದ ಪಡೆಗಳು ಬರುತ್ತಿದ್ದಂತೆ ಇರಾಕಿ ಕಾವಲುಗಾರರು ಓಡಿಹೋದರು. ಟನ್ನುಗಟ್ಟಲೆ ಯುರೇನಿಯಂ ಇಟ್ಟಿದ್ದ ಉಗ್ರಾಣಕ್ಕೆ ದಿನಗಟ್ಟಲೆ ಕಾವಲೇ ಇರಲಿಲ್ಲ. ನಲ್ಲಿ ನಿಂತುಹೋಗಿದ್ದ ಅಕ್ಕಪಕ್ಕದ ಹಳ್ಳಿಗಳವರಿಗೆ ಬೇಕಾಗಿದ್ದದ್ದು ಯುರೇನಿಯಂ ಅಲ್ಲ, ಅದನ್ನು ತುಂಬಿಟ್ಟಿದ್ದ ಡ್ರಮ್ಮುಗಳು. ಹಳದಿ ಪುಡಿಯನ್ನು ಅಲ್ಲೇ ಸುರಿದು, ಡ್ರಮ್ಮನ್ನು ಮನೆಗೆ ಹೊತ್ತುಕೊಂಡು ಹೋಗಿ ನೀರು ತುಂಬಿಟ್ಟರು. ಕುಡಿದರು, ಅಡುಗೆ ಮಾಡಿದರು, ಬಟ್ಟೆ ಒಗೆದರು.

ಜೂನ್‌ನಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಂಡ ಬಂದು, ಹೆಚ್ಚಿನ ಯುರೇನಿಯಂ ಅಲ್ಲೇ ಇದೆ, ಕನಿಷ್ಠ 10 ಕಿಲೋ ಚೆಲ್ಲಿಹೋಗಿರಬಹುದು ಎಂದು ಲೆಕ್ಕ ಕೊಟ್ಟಿತು. ಆ ಪ್ರದೇಶವನ್ನು ಹಿಡಿದಿದ್ದ ಅಮೆರಿಕ ತಂಡಕ್ಕೆ ಬಿಟ್ಟಿದ್ದು ಅಷ್ಟೇ ಕೆಲಸ. ಹಳ್ಳಿಗರ ಆರೋಗ್ಯದ ತಪಾಸಣೆಗೆ ಅನುಮತಿ ಇರಲಿಲ್ಲ. ಗ್ರೀನ್‌ಪೀಸ್‌ನವರು ಹೊಸ ಡ್ರಮ್ಮು ಕೊಟ್ಟು ಹಳೆಯದನ್ನು ಬದಲಾಯಿಸಿಕೊಟ್ಟರು. ಅಮೆರಿಕದ ಸೈನಿಕರು ಕೊಂಡುಕೊಂಡರು, ಒಂದಕ್ಕೆ 3 ಡಾಲರಿನಂತೆ.