ಮರೆವಿನ ಅಳತೆಗೋಲು

ಅರವತ್ತಕ್ಕೆ ಅರಳು ಮರಳು ಎಂಬ ನಾಣ್ಣುಡಿ ಕನ್ನಡ ನಾಡಿನಲ್ಲಿ ಸರ್ವವಿದಿತ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಂಥ ಹೋಬಳಿ ಗ್ರಾಮದಲ್ಲಿ ವೃದ್ಧನೊಬ್ಬನು ಕಬ್ಬಿನ ಗದ್ದೆಗೆ ನೀರು ಕಟ್ಟುವ ಸರದಿಯನ್ನು ಮರೆತರೆ ಮನೆಯವರು ಈ ನುಡಿಯನ್ನಾಡಿ ಸುಮ್ಮನಾಗುವುದುಂಟು. ಆ ಮರೆವು ವಯೋಧರ್ಮವೋ ಡಿಮೆನ್ಷಿಯಾ ಎಂಬ ವ್ಯಾಧಿಯೋ, ವ್ಯಾಧಿಯಾದರೆ ಎಷ್ಟು ಮುಂದುವರಿದಿದೆ ಎಂಬುದನ್ನು ಪರದೇಶದಲ್ಲಿ ಹುಟ್ಟಿದ ಮಾಪಕವೊಂದು ಕನ್ನಡದಲ್ಲಿ ಹೇಳಬಲ್ಲುದೆ ಎಂಬುದೇ ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

1982ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಕ್ಲಿನಿಕಲ್ ಡಿಮೆನ್ಷಿಯಾ ರೇಟಿಂಗ್ ಎಂಬ ಮಾಪಕವು ಸ್ಮರಣೆ, ದೇಶಕಾಲಗಳ ಅರಿವು, ವಿವೇಚನೆ, ಲೋಕವ್ಯವಹಾರ, ಗೃಹಕೃತ್ಯ ಹಾಗೂ ಹವ್ಯಾಸ, ಸ್ವಂತ ದೇಹದ ಆರೈಕೆ ಎಂಬ ಆರು ಅಂಗಗಳನ್ನು ಪರಿಶೀಲಿಸಿ ತೀವ್ರತೆಯನ್ನು 0, 0.5, 1, 2, 3 ಎಂದು ನಿರ್ಣಯಿಸುತ್ತದೆ. ರೋಗಿಯನ್ನಲ್ಲದೆ ಅವನನ್ನು ಬಲ್ಲವರನ್ನೂ ಪ್ರಶ್ನಿಸುವುದು ಇದರ ವಿಶೇಷ.

ಭಾಷಾಂತರಿತ ಮಾಪಕದ ವಿಶ್ವಸನೀಯತೆಯನ್ನು ಪರೀಕ್ಷಿಸುವುದು ಅಷ್ಟೇನೂ ಕಷ್ಟವಲ್ಲ. ಇಬ್ಬರು ಪರೀಕ್ಷಕರು ಒಂದೇ ಸಂದರ್ಶನವನ್ನು ಕೇಳಿ ಬೇರೆಬೇರೆಯಾಗಿ ಅಂಕ ಕೊಡಬೇಕು. ಆಕಸ್ಮಿಕವಾಗಿ ಕೂಡಿಬಂದ ಒಮ್ಮತವನ್ನು ಕಳೆದು ಉಳಿದುದನ್ನು ಅಳೆಯಲು ಕೊಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಗುಣಾಂಕವಿದೆ. ಆದರೆ ಇಬ್ಬರೂ ಒಮ್ಮತದಿಂದಲೇ ತಪ್ಪಬಹುದಷ್ಟೆ! ಸಪ್ರಮಾಣತೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಹರಿಯಾಣದ ಬಲ್ಲಭಗಢದಲ್ಲಿ ಭಾರತ ಮತ್ತು ಅಮೆರಿಕದ ವಿದ್ವಾಂಸರು ಅಕ್ಷರ ಬಾರದವರಿಗೂ ಒಪ್ಪುವಂತೆ ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದ ಹಿಂದಿಯ ಮನೋಸ್ಥಿತಿ ಪರೀಕ್ಷೆಯಲ್ಲಿ, 'ಕಣ್ಣು ಮುಚ್ಚಿರಿ' ಎಂಬ ಬರಹವನ್ನು ಓದಿಸುವ ಬದಲು ಪರೀಕ್ಷಕನೇ ಕಣ್ಣು ಮುಚ್ಚಿ ತೋರಿಸುವ ಕ್ರಮವನ್ನು ತಂದರು. ಇದು ಅನುವಾದಕ್ಕಿಂತ ಹಿರಿದಾದ ಕಾರ್ಯವೆಂದು ನಮ್ಮ ಅಭಿಪ್ರಾಯ.

ಮನೆಯವರ ಮಾತಿನ ತೊಡಕು ಮಾತ್ರ ಹಾಗೆಯೇ ಉಳಿಯಿತು. 10/66 ಸಂಶೋಧನಾ ತಂಡವು 2008ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನೋಡಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿಯ ನಾಲ್ಕನೆಯ ಆವೃತ್ತಿಯ ಲಕ್ಷಣಗಳನ್ನು ಅನುಸರಿಸಿದಾಗ, 65 ವರ್ಷ ತುಂಬಿದವರಲ್ಲಿ ಡಿಮೆನ್ಷಿಯಾ ಕ್ಯೂಬಾದಲ್ಲಿ ಶೇಕಡ 6.3, ಗ್ರಾಮೀಣ ಭಾರತದ ಕ್ಷೇತ್ರದಲ್ಲಿ ಕೇವಲ 0.3. ನಮ್ಮ ಹಳ್ಳಿಗರು ಅಷ್ಟು ಆರೋಗ್ಯವಂತರೆ? ತಂಡವು ತಾನೇ ರೂಪಿಸಿದ್ದ ಕ್ರಮದಲ್ಲಿ ಯಾವ ಕ್ಷೇತ್ರದಲ್ಲಿಯೂ ಪ್ರಮಾಣವು 5.6ಕ್ಕಿಂತ ಕೆಳಗಿಳಿಯಲಿಲ್ಲ. ಇಲ್ಲಿಯ ಬಂಧುಗಳು ವೃದ್ಧರ ಕುಂದನ್ನು ಹೇಳುವುದೇ ಕಡಮೆಯೆಂದು ಆ ವಿದ್ವಾಂಸರು ಕಂಡುಕೊಂಡರು.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಒಲೆಯ ಕೆಲಸವನ್ನು ಸೊಸೆಯೂ ಸೊಸೈಟಿಯ ವ್ಯವಹಾರವನ್ನು ಮಗನೂ ವಹಿಸಿಕೊಂಡ ಮೇಲೆ ಅಜ್ಜಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದಿರುವಲ್ಲಿ ಸೋಲೂ ಕಾಣದು. ಗೃಹಕೃತ್ಯವೆಂಬ ಅಂಗಕ್ಕೆ ಆಗ 0 ಕೊಡಬೇಕೆ, 1 ಕೊಡಬೇಕೆ?

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಜನಿಸಿದವರ ಅಧ್ಯಯನದಲ್ಲಿ 10/66 ಪರೀಕ್ಷೆಗಳು ಕನ್ನಡದಲ್ಲಿ ಬಳಕೆಗೆ ಬಂದವು. ಹೋಬಳಿಗಳಿಗೆ ತೀವ್ರತಾ ಮಾಪಕವನ್ನು ಒಯ್ಯುವವರು ಪದಗಳನ್ನಲ್ಲ, ಪ್ರಶ್ನೆಯನ್ನೇ ಬದಲಿಸಬೇಕಾದೀತು. 'ಅಜ್ಜಿ ಅಡುಗೆ ಮಾಡುತ್ತಾರೆಯೆ?' ಎಂದು ಕೇಳುವುದಕ್ಕಿಂತ, 'ಸೊಸೆ ತವರಿಗೆ ಹೋಗಿದ್ದ ದಿನ ಮುದ್ದೆ ತೊಳಸಿದವರು ಯಾರು?' ಎಂದು ಕೇಳುವುದು ಲೇಸು.