ಹವಳಕೊಳದ ಜಲೋಷ್ಣ: ಒಂದು ಐತಿಹಾಸಿಕ ವಿಚಾರ

ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಬ್ಯಾಟರಾಯನಪುರವು ಹಿಂದೆ ಪ್ರತ್ಯೇಕ ಗ್ರಾಮವಾಗಿದ್ದು ಈಗ ಬೆಂಗಳೂರು ನಗರದಲ್ಲಿ ಸೇರಿಹೋಗಿರುವುದು. ಈ ಹೆಸರಿನ ಮೂಲವು ಬೇಟೆರಾಯನೆಂಬ ದೇವತಾನಾಮವೆಂಬುದು ಶಬ್ದರೂಪದಿಂದಲೇ ತೋರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಈ ಸ್ಥಳಕ್ಕೆ ಯಾವ ದಿಕ್ಕಿನಿಂದಲೂ ಕಡಲು 250 ಕಿಲೋಮೀಟರಿಗೆ ಕಡಮೆಯಿಲ್ಲದಷ್ಟು ದೂರ. ಇಂತಹ ಊರಿನಲ್ಲಿ ನನ್ನ ತಮ್ಮನ ಮಗನು ಒಂದು ಗಾಜಿನ ಪೆಟ್ಟಿಗೆಯಲ್ಲಿ 150 ಲೀಟರು ಉಪ್ಪುನೀರನ್ನು ತುಂಬಿ, ಹವಳದ ದಿಬ್ಬಗಳಲ್ಲಿ ವಾಸಿಸುವ ಮೀನುಗಳನ್ನು ಸಾಕುತ್ತಿರುವನು. ಆ ನೀರಿನ ಉಷ್ಣವು ಎಷ್ಟಿರಬೇಕು, ಅದನ್ನು ಮನುಷ್ಯನು ಎಂದಿನಿಂದ ಅಳೆದು ಕಾಪಾಡತೊಡಗಿದನು ಎಂಬ ಪ್ರಶ್ನೆಯೇ ಈ ಲೇಖನದ ವಿಷಯ.

1. ಪ್ರಾಚೀನರ ತಿಳಿವಳಿಕೆ. ಹವಳವು ನಮ್ಮ ಪೂರ್ವಿಕರಿಗೆ ಸುಪರಿಚಿತವಾಗಿದ್ದಿತು. ಕೌಟಿಲ್ಯನು ರಾಜಕೋಶಕ್ಕೆ ಸೇರತಕ್ಕ ರತ್ನಗಳೊಡನೆ ಪ್ರವಾಳವನ್ನು ಹೇಳಿರುವನು. ವೈದ್ಯರು ಅದರ ಭಸ್ಮವನ್ನು ಔಷಧವಾಗಿ ಬಳಸುತ್ತ ಬಂದಿರುವರು. ಆದರೆ ವಿದ್ರುಮವೆಂಬ ಅದರ ಇನ್ನೊಂದು ಹೆಸರಿನಲ್ಲಿ ದ್ರುಮಶಬ್ದವಿರುವುದರಿಂದ, ಅದನ್ನು ಮರದ ಜಾತಿಯೆಂದು ಭಾವಿಸಿದ್ದರೆಂದು ಊಹಿಸಬಹುದು. ಯೂರೋಪಿನವರ ಭಾವನೆಯೂ ಬಹುಕಾಲ ಹೀಗೆಯೇ ಇದ್ದಿತು. ಹವಳವು ಪ್ರಾಣಿಯೆಂದು ಫ್ರಾನ್ಸಿನ ಪೇಸೊನೆಲ್ಲನು 1720ರ ದಶಕದಲ್ಲಿ ಹೇಳಿದಾಗ ಪಂಡಿತರು ಒಡನೆ ನಂಬಲಿಲ್ಲ.

ಮೀನುಗಳ ವಿಷಯದಲ್ಲಿ ಕನ್ನಡ ನಾಡಿನ ರಾಜನೊಬ್ಬನ ಸಾಕ್ಷ್ಯವಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳನ್ನು ಕಡಲಿನವು, ನದಿಯವು ಎಂದು ವಿಭಾಗಿಸಿ, ಅವಕ್ಕೆ ಒಡ್ಡತಕ್ಕ ಆಹಾರವನ್ನೂ ವಿವರಿಸಿರುವನು. ಆದರೆ ಅದು ಗಾಳದ ಬೇಟೆಗೆ ಸಂಬಂಧಿಸಿದ ಪ್ರಕರಣವೇ ಹೊರತು ಕಡಲ ನೀರನ್ನು ಮನೆಗೆ ತಂದು ಕಾಪಾಡುವ ಪ್ರಕರಣವಲ್ಲ.

ಉಷ್ಣದ ತರತಮಭಾವವನ್ನು ಹೇಳುವ ಮಾತುಗಳು ನಮ್ಮಲ್ಲಿ ಸಾಕಷ್ಟು ಇವೆ. ಸಂಸ್ಕೃತದಲ್ಲಿ ಕವೋಷ್ಣ, ಕದುಷ್ಣ. ಕನ್ನಡದಲ್ಲಿ ಉಗುರುಬೆಚ್ಚಗೆ, ನಸುಬಿಸಿ. ಇವೆಲ್ಲವೂ ಮನುಷ್ಯನ ಚರ್ಮವನ್ನೇ ಪ್ರಮಾಣವಾಗಿ ಹಿಡಿದ ಮಾತುಗಳು. 26 ಡಿಗ್ರಿಗೂ 28 ಡಿಗ್ರಿಗೂ ಇರುವ ಭೇದವನ್ನು ಬೆರಳು ನಿರ್ಣಯಿಸಲಾರದು. ಹವಳದ ಪ್ರಾಣಿಗಾದರೋ ಅದು ಜೀವನ್ಮರಣಗಳ ಭೇದವಾಗಬಹುದು.

2. ಅಳತೆಯೂ ಕೊಳವೂ. ಫಾರನ್‌ಹೀಟನು 1714ರಲ್ಲಿ ಪಾದರಸದ ಉಷ್ಣಮಾಪಕವನ್ನು ನಿರ್ಮಿಸಿದನು. 1742ರಲ್ಲಿ ಸೆಲ್ಸಿಯಸ್ಸನು ನೂರು ಭಾಗಗಳ ಮಾನವನ್ನು ಸೂಚಿಸಿದನು. ಅನಂತರ ನೂರು ವರ್ಷಗಳಿಗೆ, ಎಂದರೆ 1846ರಲ್ಲಿ, ಅನ್ನಾ ಥಿನ್ ಎಂಬ ಆಂಗ್ಲ ಮಹಿಳೆಯು ಟಾರ್ಕಿ ಎಂಬ ಕಡಲೂರಿನಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಮನೆಯಲ್ಲಿಯೇ ಬದುಕಿಸಿದಳು. ನೀರಿನಲ್ಲಿ ಗಾಳಿ ಬೆರೆಯಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವುದೇ ಸೇವಕಿಯ ಕೆಲಸವಾಗಿದ್ದಿತು. 1853ರಲ್ಲಿ ಲಂಡನ್ನಿನ ಮೃಗಶಾಲೆಯಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ದಕ್ಷಿಣ ಭಾರತದಲ್ಲಿ 1909ರಲ್ಲಿ ಮದರಾಸಿನ ಮರೀನಾ ತೀರದಲ್ಲಿ ಅಂತಹ ಆಗಾರವು ಸ್ಥಾಪಿತವಾಯಿತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಮತ್ಸ್ಯಾಲಯವು 1983ರದು. ಉಷ್ಣವಲಯದ ಹವಳವನ್ನು ಮನೆಯ ಕೊಳದಲ್ಲಿ ಬದುಕಿಸುವ ಕ್ರಮವನ್ನು 1961ರಲ್ಲಿ ಪ್ರಕಟಪಡಿಸಿದವನು ಜಕಾರ್ತದ ಲೀ ಚಿನ್ ಎಂಗ್. ಅವನಿದ್ದುದು ಉಷ್ಣವಲಯದ ಕಡಲೂರು. ನೀರನ್ನು ಕಾಯಿಸುವ ಚಿಂತೆ ಅವನಿಗಿರಲಿಲ್ಲ. ನಮ್ಮ ಎತ್ತರದ ಬಯಲುಸೀಮೆಯ ಸ್ಥಿತಿ ಬೇರೆ.

3. ಉಷ್ಣದ ನಿರ್ಣಯ. ಇಲ್ಲಿ ಪೂರ್ವಪಕ್ಷವೊಂದುಂಟು: ಹವಳದ ಕಡಲುಗಳಲ್ಲಿ ನೀರು 28 ಅಥವಾ 29 ಡಿಗ್ರಿಯವರೆಗೂ ಇರುವುದರಿಂದ ಕೊಳದಲ್ಲಿಯೂ ಹಾಗೆಯೇ ಇರಲಿ ಎಂದು. ಇದಕ್ಕೆ ಸಮಾಧಾನವೇನೆಂದರೆ, ಕಡಲು ಅಪಾರವಾದುದು, ಕೊಳವು ಅಲ್ಪವಾದುದು. ಬೇಸಗೆಯ ವಾಡಿಕೆಯ ಪರಮಾವಧಿಗಿಂತ ಒಂದೇ ಡಿಗ್ರಿ ಹೆಚ್ಚಿನ ಉಷ್ಣವು ಕೆಲವು ವಾರ ನಿಂತರೆ, ಹವಳವು ತನ್ನ ಅಂಗದೊಳಗಿದ್ದು ಆಹಾರವೊದಗಿಸುವ ಪಾಚಿಯನ್ನು ಹೊರಗಟ್ಟಿ ಬಿಳುಪೇರುತ್ತದೆ. ಇದಲ್ಲದೆ ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕವು ಕುಗ್ಗುತ್ತದೆ: ಕಡಲ ನೀರಿನಲ್ಲಿ 20 ಡಿಗ್ರಿಗೆ ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಇದ್ದುದು 30 ಡಿಗ್ರಿಗೆ 6.2ಕ್ಕೆ ಇಳಿಯುವುದು. ಆದುದರಿಂದ 25 ಅಥವಾ 26 ಡಿಗ್ರಿಯಲ್ಲಿಟ್ಟರೆ ವಿಪತ್ಕಾಲಕ್ಕೆ ಮೇಲೆ ಸ್ವಲ್ಪ ಅವಕಾಶವುಳಿಯುತ್ತದೆ. ಹಗಲಿರುಳಿನ ಏರಿಳಿತವು ಒಂದು ಡಿಗ್ರಿಯನ್ನು ಮೀರದಿರುವುದು ಉತ್ತಮ.

ಬೆಂಗಳೂರಿನ ಉಷ್ಣವು 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದುದೂ, 2016ರ ಏಪ್ರಿಲಿನಲ್ಲಿ 39.2ಕ್ಕೆ ಏರಿದುದೂ ದಾಖಲೆಯಲ್ಲಿದೆ. ಆದ್ದರಿಂದ ಇಲ್ಲಿಯ ಕೊಳಕ್ಕೆ ಪುಷ್ಯಮಾಸದಲ್ಲಿ ಹೀಟರೂ ಚೈತ್ರದಲ್ಲಿ ಶೀತಕಯಂತ್ರವೂ ಬೇಕಾಗುತ್ತವೆ. ಯಂತ್ರವಿಲ್ಲದವರಿಗೆ ಫ್ಯಾನಿನ ಗಾಳಿಯೇ ಉಪಾಯ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ನ್ಯಾಯವೇ ಇಲ್ಲಿಯದೂ. ಬೇರೆ ಉಷ್ಣವು ಒಳಸೇರದಿದ್ದರೆ, 150 ಲೀಟರಿನ ಕೊಳದಿಂದ ಒಂದು ಲೀಟರು ಆರಿಹೋದಾಗ ನೀರು ಸುಮಾರು 4 ಡಿಗ್ರಿ ತಣಿಯುತ್ತದೆ. ಉಪ್ಪು ಆರಿಹೋಗದೆ ಉಳಿಯುವುದರಿಂದ, ಕಡಮೆಯಾದಷ್ಟನ್ನೂ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು.

4. ಲೇಖಕನ ಪ್ರಮಾದ. ಇದನ್ನು ನಾನು ಸುಲಭವಾಗಿ ಕಲಿಯಲಿಲ್ಲ. ಒಂದು ಬೇಸಗೆಯಲ್ಲಿ ವಿದ್ಯುತ್ತು ನಿಂತು ಕೊಳದ ಉಷ್ಣವು 31 ಡಿಗ್ರಿಗೆ ಏರಿತು. ಹುಡುಗನು ಮನೆಯಲ್ಲಿರಲಿಲ್ಲ. ಉಷ್ಣಕ್ಕೆ ಶೀತವೇ ಪ್ರತೀಕಾರವೆಂದು ನಾನು ಏಳೆಂಟು ಕಿಲೋಗ್ರಾಂ ಮಂಜುಗಡ್ಡೆಯನ್ನು ತರಿಸಿ ನೇರವಾಗಿ ನೀರಿಗೆ ಹಾಕಿಸಿದೆನು. ಸ್ವಲ್ಪ ಹೊತ್ತಿನಲ್ಲಿಯೇ ಉಷ್ಣವು ಐದು ಡಿಗ್ರಿ ಕುಸಿಯಿತು; ಮಂಜು ಕರಗಿ ಉಪ್ಪೂ ತೆಳುವಾಯಿತು. ಬೆಳಗಾಗುವಷ್ಟರಲ್ಲಿ ಎರಡು ಕ್ಲೌನ್ ಮೀನುಗಳಲ್ಲಿ ಒಂದೂ, ಸಿಗಡಿಗಳೆಲ್ಲವೂ ಸತ್ತಿದ್ದುವು. ಹುಡುಗನು ನನ್ನನ್ನು ಒಂದು ಮಾತೂ ಆಡಲಿಲ್ಲ. “ದೊಡ್ಡಪ್ಪ, ನೀರನ್ನು ಮೆಲ್ಲಗೆ ಇಳಿಸಬೇಕಾಗಿತ್ತು” ಎಂದಷ್ಟೇ ಹೇಳಿದನು.

ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಹೇಳಿರುವುದೂ ಅದನ್ನೇ. ಋತುಸಂಧಿಯಲ್ಲಿ ಹಿಂದಿನ ಋತುವಿನ ವಿಧಿಯನ್ನು ಕ್ರಮಕ್ರಮವಾಗಿ ಬಿಟ್ಟು ಮುಂದಿನದನ್ನು ಕ್ರಮಕ್ರಮವಾಗಿ ಹಿಡಿಯಬೇಕು. ಹಠಾತ್ತಾಗಿ ಮಾಡಿದರೆ ಅಸಾತ್ಮ್ಯದಿಂದ ರೋಗವುಂಟಾಗುವುದು. ಈ ಪಾಠವನ್ನು ಹಲವು ವರ್ಷ ಶಿಷ್ಯರಿಗೆ ಹೇಳಿದ ನಾನೇ ಗಾಜಿನ ಪೆಟ್ಟಿಗೆಯ ಮುಂದೆ ಅದನ್ನು ಮರೆತೆನು.

5. ಉಪಸಂಹಾರ. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ಸೇರಿರುವುದರಿಂದ, ಅವನ್ನು ನಮ್ಮ ಕಡಲಿನಿಂದ ಕಿತ್ತು ತರುವುದು ಅಪರಾಧವು. ಇದು ಯುಕ್ತವೇ ಆಗಿದೆ. ಲಕ್ಷದ್ವೀಪದ ಹವಳಗಳು 1998, 2010, 2016, 2024ರ ತಾಪಗಳಲ್ಲಿ ಬಿಳುಪೇರಿದುವು. ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳುಂಟು. ಮನೆಯ ಕೊಳದ ಉಷ್ಣವೇರಿದರೆ ಫ್ಯಾನು ಹಾಕಬಹುದು. ಕಡಲಿಗೆ ಹಾಕಲು ಫ್ಯಾನಿಲ್ಲ. 150 ಲೀಟರು ನೀರಿನಲ್ಲಿ ಐದು ಡಿಗ್ರಿಯ ಆತುರವು ಮಾಡಿದ ಹಾನಿಯನ್ನು ಕಣ್ಣಾರೆ ಕಂಡವನಿಗೆ, ಕಡಲಿನಲ್ಲಿ ಒಂದು ಡಿಗ್ರಿಯೆಂಬುದು ಅಲ್ಪವಾಗಿ ತೋರಲಾರದು.