ಫ್ರೆಂಚ್ ಪ್ರಯಾಣ ಗಡಿಯಾರ: ಅದರ ಚರಿತ್ರೆ ಮತ್ತು ಸುಸ್ಥಿತಿಯ ವಿಚಾರ

ಕಾಲವನ್ನು ಅಳೆಯುವ ಸಾಧನಗಳನ್ನು ಮನುಷ್ಯನು ಪುರಾತನ ಕಾಲದಿಂದಲೂ ನಿರ್ಮಿಸಿಕೊಳ್ಳುತ್ತ ಬಂದಿದ್ದಾನೆ. ಬಿಸಿಲಿನಲ್ಲಿ ನೆಟ್ಟ ಶಂಕು, ನೀರಿನಲ್ಲಿ ತೇಲಿಬಿಟ್ಟ ಗಳಿಗೆ ಬಟ್ಟಲು, ಗೋಪುರದ ಮೇಲಿನ ದೊಡ್ಡ ಗಡಿಯಾರ ಇವೆಲ್ಲವೂ ತಾವಿದ್ದಲ್ಲಿಯೇ ಇದ್ದು ಕಾಲವನ್ನು ತಿಳಿಸತಕ್ಕವು. ಒಡೆಯನೊಡನೆ ತಾನೂ ಗಾಡಿಯೇರಿ, ದಾರಿಯ ಕುಲುಕಾಟವನ್ನೆಲ್ಲ ಸಹಿಸಿ, ಕತ್ತಲೆಯಲ್ಲಿಯೂ ಗಂಟೆ ಬಾರಿಸಿ ಹೊತ್ತನ್ನು ಹೇಳುವ ಗಡಿಯಾರವು ತನ್ನ ಸಿದ್ಧರೂಪವನ್ನು ಪಡೆದದ್ದು 19ನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ. ಫ್ರೆಂಚರು ಇದನ್ನು ಪ್ರಯಾಣದ ಗಡಿಯಾರವೆಂದು ಕರೆದರು; ಇಂಗ್ಲಿಷರು ಕ್ಯಾರೇಜ್ ಕ್ಲಾಕ್ ಎಂದರು.

ಇದು ನೋಡಲು ಸುಮಾರು ಗೇಣುದ್ದದ ಚಿಕ್ಕ ಪೆಟ್ಟಿಗೆ. ಚಿನ್ನದ ಮುಲಾಮು ಹಚ್ಚಿದ ಹಿತ್ತಾಳೆಯ ಚೌಕಟ್ಟು. ನಾಲ್ಕು ಪಕ್ಕಗಳಿಗೂ ನೆತ್ತಿಗೂ ಅಂಚು ಇಳಿಜಾರಾಗಿ ಉಜ್ಜಿದ ಗಾಜು. ಎತ್ತಿ ಒಯ್ಯಲು ಮೇಲೊಂದು ಹಿಡಿ. ಬಿಳಿಯ ಎನಾಮೆಲ್ ಮುಖದ ಮೇಲೆ ರೋಮನ್ ಅಂಕಿಗಳು ಮತ್ತು ನೀಲಿಗಟ್ಟಿಸಿದ ಉಕ್ಕಿನ ಮುಳ್ಳುಗಳು. ಇಂಥ ಹಳೆಯ ಗಡಿಯಾರವೊಂದು ಯಾರ ಕೈಗಾದರೂ ಬಂದಾಗ ಎರಡು ಪ್ರಶ್ನೆಗಳು ಏಳುವುದು ಸಹಜ: ಇದನ್ನು ಮಾಡಿದವರು ಯಾರು? ಇದರ ಸ್ಥಿತಿ ಹೇಗಿದೆ? ಮೊದಲನೆಯದು ಚರಿತ್ರೆಯ ಪ್ರಶ್ನೆ, ಎರಡನೆಯದು ಬರಿಯ ವ್ಯಾಪಾರದ ಪ್ರಶ್ನೆ ಎಂದು ತೋರಬಹುದು. ವಾಸ್ತವದಲ್ಲಿ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಇದನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

1656ರಲ್ಲಿ ಹಾಲೆಂಡಿನ ವಿಜ್ಞಾನಿ ಹ್ಯೂಗೆನ್ಸನು ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದನು. ಅದರಿಂದ ಕಾಲಮಾಪನದ ನಿಖರತೆ ಅಪಾರವಾಗಿ ಹೆಚ್ಚಿತು. ಆದರೆ ಲೋಲಕವು ನೆಟ್ಟಗೆ ನಿಂತ ಗಡಿಯಾರದಲ್ಲಿ ಮಾತ್ರ ಸರಿಯಾಗಿ ತೂಗಬಲ್ಲುದು. ಗಾಡಿ ಅಲುಗಿದರೆ ಅದರ ಲಯ ಕೆಡುತ್ತದೆ. 1675ರಲ್ಲಿ ಅದೇ ಹ್ಯೂಗೆನ್ಸನು ಸುರುಳಿ ಸ್ಪ್ರಿಂಗಿನಿಂದ ನಿಯಂತ್ರಿತವಾದ ತೂಗುಚಕ್ರದ ಗಡಿಯಾರವನ್ನು ಪ್ರಕಟಿಸಿದನು. ಈ ಚಕ್ರವು ಭೂಮಿಯ ಸೆಳೆತವನ್ನು ಅವಲಂಬಿಸದೆ ತನ್ನ ಸ್ಪ್ರಿಂಗಿನ ಬಲದಿಂದಲೇ ಅತ್ತಿಂದಿತ್ತ ತಿರುಗುವುದರಿಂದ ಕುಲುಕಾಟದಲ್ಲಿಯೂ ನಡೆಯಬಲ್ಲುದು. ಪ್ರಯಾಣ ಗಡಿಯಾರದ ನೆತ್ತಿಯ ಗಾಜಿನಲ್ಲಿ ಇಣುಕಿದರೆ ಕಾಣುವುದು ಇದೇ ಚಕ್ರ. ಅದೂ ಅದರ ಸಂಗಡಿಗ ಭಾಗಗಳೂ ಒಂದು ಚಿಕ್ಕ ಹಲಗೆಯ ಮೇಲೆ ಅಡ್ಡಲಾಗಿ ಕುಳಿತಿರುತ್ತವೆ. ಗಡಿಯಾರ ತಜ್ಞರು ಈ ಭಾಗವನ್ನು ಪ್ಲಾಟ್‌ಫಾರ್ಮ್ ಎಂದು ಕರೆಯುತ್ತಾರೆ.

ಈ ಬಗೆಯ ಗಡಿಯಾರಕ್ಕೆ ಮೊದಲ ಶ್ರೇಷ್ಠ ರೂಪವನ್ನು ಕೊಟ್ಟವನು ಅಬ್ರಹಾಂ ಲೂಯಿ ಬ್ರೆಗೆ. 1747ರಲ್ಲಿ ಸ್ವಿಟ್ಜರ್ಲೆಂಡಿನ ನಷಾಟೆಲ್ ಪಟ್ಟಣದಲ್ಲಿ ಜನಿಸಿದ ಈತನು ಪ್ಯಾರಿಸ್ಸಿನಲ್ಲಿ ನೆಲೆಸಿ, ಯೂರೋಪಿನ ಅರಸುಮನೆತನಗಳಿಗೆಲ್ಲ ಗಡಿಯಾರಗಳನ್ನು ಒದಗಿಸಿದನು. 1798ರ ಏಪ್ರಿಲಿನಲ್ಲಿ ಯುವ ಸೇನಾಪತಿ ನೆಪೋಲಿಯನ್ ಬೋನಪಾರ್ಟನು ಈಜಿಪ್ಟಿನ ದಂಡಯಾತ್ರೆಗೆ ಹೊರಡುವ ಮುನ್ನ ಇವನಿಂದ ಒಂದು ಪ್ರಯಾಣ ಗಡಿಯಾರವನ್ನು ಕೊಂಡನು.

ಇಲ್ಲಿ ನಮ್ಮ ನಾಡಿನ ಚರಿತ್ರೆಯೂ ಒಂದು ಗಳಿಗೆ ಈ ಕಥೆಯನ್ನು ಬಂದು ಸೇರುತ್ತದೆ. ಆ ದಂಡಯಾತ್ರೆಯ ನಡುವೆ, 1799ರ ಜನವರಿಯಲ್ಲಿ, ನೆಪೋಲಿಯನ್ನನು ಕೈರೋದಿಂದ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದನು. ಪತ್ರವು ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಟಿಪ್ಪುವು ಯುದ್ಧದಲ್ಲಿ ಮಡಿದನು. ಇದಕ್ಕೂ ಹತ್ತು ವರ್ಷಗಳ ಹಿಂದೆಯೇ, 1788ರಲ್ಲಿ, ಟಿಪ್ಪುವಿನ ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ 16ನೆಯ ಲೂಯಿ ದೊರೆಯನ್ನು ಕಂಡಿದ್ದರು. ಮೈಸೂರು ಸೀಮೆಗೆ ಕಳುಹಿಸಿಕೊಡಬೇಕೆಂದು ಅವರು ಬೇಡಿದ ಕುಶಲಕರ್ಮಿಗಳಲ್ಲಿ ಗಡಿಯಾರ ಮಾಡುವವರೂ ಸೇರಿದ್ದರು. ಫ್ರಾನ್ಸಿನ ಈ ವಿದ್ಯೆಯ ಕೀರ್ತಿ ಕಾವೇರಿಯ ದಡದವರೆಗೂ ಹಬ್ಬಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಬ್ರೆಗೆಯ ಗಡಿಯಾರಗಳು ಅರಸರ ಮತ್ತು ದಂಡನಾಯಕರ ಸೊತ್ತು. ಅವುಗಳ ಒಂದೊಂದು ಭಾಗವೂ ಅಪರಿಮಿತ ಶ್ರಮದಿಂದ ಸಿದ್ಧವಾದುದು. ಬೆಲೆಯೂ ಅದಕ್ಕೆ ತಕ್ಕಂತೆಯೇ. ಈ ವಸ್ತುವನ್ನು ವರ್ತಕರ, ವೈದ್ಯರ, ಅಧಿಕಾರಿಗಳ ಮನೆಗೆ ತಂದವನು ಪಾಲ್ ಗಾರ್ನಿಯೆ. ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಈತನು 1830ರ ಸುಮಾರಿಗೆ ಪೆಟ್ಟಿಗೆಯ ಆಕಾರವನ್ನು ಸರಳಗೊಳಿಸಿ, ಚಕ್ರವ್ಯೂಹವನ್ನು ಒಂದು ಮಾದರಿಗೆ ತಂದು, ಸುಲಭವಾಗಿ ಮಾಡಬಹುದಾದ ತನ್ನದೇ ಚಲನನಿಯಂತ್ರಕವನ್ನು ಅಳವಡಿಸಿದನು. ಇದೇ ಗಾರ್ನಿಯೆಯು ಮುಂದೆ ರೈಲು ನಿಲ್ದಾಣಗಳಿಗೂ ಗಡಿಯಾರಗಳನ್ನು ಒದಗಿಸಿದನು. ಕುದುರೆಗಾಡಿಯ ಹೆಸರಿನ ಗಡಿಯಾರವು ಅತ್ಯಂತ ವಿಪುಲವಾಗಿ ತಯಾರಾದದ್ದು ರೈಲಿನ ಯುಗದಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ.

ಹಾಗಾದರೆ ಈ ವಿಪುಲ ತಯಾರಿಕೆಯ ಭಾರವನ್ನು ಹೊತ್ತವರು ಯಾರು? ಇದಕ್ಕೆ ಉತ್ತರ ಬೇಕಾದರೆ ಪ್ಯಾರಿಸ್ಸನ್ನು ಬಿಟ್ಟು ಹಳ್ಳಿಗಾಡಿಗೆ ಹೋಗಬೇಕು. ನಾರ್ಮಂಡಿ ಪ್ರಾಂತದಲ್ಲಿ, ಡಿಯೆಪ್ ಬಂದರಿನ ಸಮೀಪದಲ್ಲಿ, ಸೇಂಟ್ ನಿಕೊಲಾ ದಾಲಿಯೆರ್ಮೊಂ ಎಂಬ ಊರಿದೆ. 18ನೆಯ ಶತಮಾನದಿಂದಲೂ ಅಲ್ಲಿ ಗಡಿಯಾರದ ಕೆಲಸ ನಡೆಯುತ್ತಿದ್ದರೂ ಫ್ರಾನ್ಸಿನ ಮಹಾಕ್ರಾಂತಿಯ ತರುವಾಯ ಅದು ಸೊರಗಿತ್ತು. 19ನೆಯ ಶತಮಾನದ ಆರಂಭದಲ್ಲಿ ಓನೊರೆ ಪೊನ್ಸ್ ಎಂಬ ಗಡಿಯಾರಗಾರನು ಸರ್ಕಾರದ ಪ್ರೇರಣೆಯಿಂದ ಅಲ್ಲಿಗೆ ಬಂದು, ಚಕ್ರಗಳಿಗೆ ಹಲ್ಲು ಕೊರೆಯುವ ಯಂತ್ರಗಳನ್ನು ರೂಪಿಸಿ ಆ ಕಸುಬಿಗೆ ಮರುಜೀವ ಕೊಟ್ಟನು. ಅತ್ತ ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ಫ್ರಾಂಶ್ ಕೊಂತೆ ಪ್ರಾಂತದಲ್ಲಿಯೂ ಜಾಪಿ ಸಹೋದರರ ಕಾರ್ಖಾನೆಯಂಥವು ಬೆಳೆದವು. ಇಲ್ಲೆಲ್ಲ ಅರೆಸಿದ್ಧವಾದ ಯಂತ್ರಭಾಗಗಳು ಪ್ಯಾರಿಸ್ಸಿಗೆ ಹೋಗಿ, ನಯಗೊಂಡು, ಪೆಟ್ಟಿಗೆಯನ್ನು ಸೇರಿ ಮಾರಾಟಕ್ಕೆ ಹೊರಡುತ್ತಿದ್ದವು. ಮುಖ್ಯ ಗಿರಾಕಿಗಳು ಇಂಗ್ಲಿಷರು.

ಇಲ್ಲಿಯೇ ಮೊದಲನೆಯ ಪ್ರಶ್ನೆಯ ತೊಡಕು ಇರುವುದು. ಗಡಿಯಾರದ ಮುಖದ ಮೇಲೆ ಲಂಡನ್ನಿನದೋ ಪ್ಯಾರಿಸ್ಸಿನದೋ ಅಂಗಡಿಯ ಹೆಸರು ಇರಬಹುದು. ಬಹುತೇಕ ಅದು ಮಾರಿದವನ ಹೆಸರು, ಮಾಡಿದವನದಲ್ಲ. ಮಾಡಿದವನ ಗುರುತನ್ನು ಹಿಂಭಾಗದ ಹಿತ್ತಾಳೆ ತಗಡಿನ ಮೇಲೆ ಹುಡುಕಬೇಕು. ದ್ರೊಕೂರ್ ಮನೆತನದವರು ತಮ್ಮ ಎರಡು ಅಕ್ಷರಗಳ ನಡುವೆ ಪುಟ್ಟ ಗಡಿಯಾರದ ಚಿತ್ರವನ್ನು ಒತ್ತಿದರು. ಆನ್ರಿ ಜಾಕೊ ಗಿಳಿಯನ್ನೂ, ಮಾರ್ಗೆನ್ ಜೇನುಗೂಡನ್ನೂ ಗುರುತಾಗಿಸಿಕೊಂಡರು. ಈ ಗುರುತುಗಳು ಕೂಡ ಒಡೆಯರವು. ಹಲ್ಲು ಕೊರೆದವರು, ಮೊಳೆ ತಿರುಗಿಸಿದವರು, ಮುಳ್ಳುಗಳನ್ನು ಕಾಯಿಸಿ ನೀಲಿ ಬಣ್ಣ ಬರಿಸಿದವರು ಮುಂತಾದ ನೂರಾರು ಕೆಲಸಗಾರರ ಹೆಸರು ಎಲ್ಲಿಯೂ ಇಲ್ಲ. ಅವರ ಕೈಯ ಗುರುತು ಮಾತ್ರ ಲೋಹದ ಮೇಲೆ ಉಳಿದಿದೆ. ಆದ್ದರಿಂದಲೇ ಲೋಹದ ಸ್ಥಿತಿಯು ಚರಿತ್ರೆಯ ವಿಷಯವಾಗುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಸುಸ್ಥಿತಿ ಎಂದರೆ ಹೊಳಪು ಎಂದು ಭಾವಿಸುವುದು ಲೋಕರೂಢಿ. ಮಂಕಾದ ಹಿತ್ತಾಳೆಯನ್ನು ಕಂಡೊಡನೆ ಪಾಲಿಷ್ ಹಾಕಿ ತಿಕ್ಕುವುದು ನಮ್ಮ ಕೈಯ ಸ್ವಭಾವ. ಆದರೆ ಮೇಲೆ ಕಾಣುವುದು ಹಿತ್ತಾಳೆಯಲ್ಲ, ಅದರ ಮೇಲಿನ ಅತಿ ತೆಳುವಾದ ಚಿನ್ನದ ಪದರ. ಹಿಂದಿನ ವಿಧಾನದಲ್ಲಿ ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಆ ಲೇಪವನ್ನು ಲೋಹಕ್ಕೆ ಹಚ್ಚಿ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಪಾದರಸವು ಆವಿಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಆವಿಯನ್ನು ಉಸಿರಾಡಿದ ಮುಲಾಮುಗಾರರಿಗೆ ಕೈಕಾಲು ನಡುಗುತ್ತಿದ್ದವು, ಹಲ್ಲು ಸಡಿಲುತ್ತಿದ್ದವು, ಆಯುಷ್ಯವೇ ಕುಗ್ಗುತ್ತಿತ್ತು. ಪ್ಯಾರಿಸ್ಸಿನ ಕಂಚುಗಾರ ರಾವ್ರಿಯೊ ಎಂಬುವನು ಈ ಸಂಕಟವನ್ನು ಕಣ್ಣಾರೆ ಕಂಡವನು. 1814ರಲ್ಲಿ ತೀರಿಕೊಂಡ ಅವನು, ಮುಲಾಮುಗಾರರನ್ನು ಪಾದರಸದಿಂದ ರಕ್ಷಿಸುವ ಉಪಾಯವನ್ನು ಕಂಡುಹಿಡಿದವರಿಗೆಂದು 3,000 ಫ್ರಾಂಕುಗಳನ್ನು ಮೀಸಲಿಟ್ಟು ಹೋದನು. ಹೊಗೆಯನ್ನು ಮೇಲಕ್ಕೆ ಸೆಳೆದೊಯ್ಯುವ ಒಲೆಯನ್ನು ರೂಪಿಸಿ ಆ ಬಹುಮಾನವನ್ನು ಪಡೆದವನು ರಸಾಯನಜ್ಞ ದಾರ್ಸೆ. 1840ರ ತರುವಾಯ ವಿದ್ಯುತ್ತಿನಿಂದ ಮುಲಾಮು ಹಚ್ಚುವ ವಿಧಾನ ಹರಡಿದ ಮೇಲೆ ಈ ಅಪಾಯ ಕ್ರಮೇಣ ಕಡಿಮೆಯಾಯಿತು. ಹೀಗಿರುವಾಗ, ಒಬ್ಬನ ಆರೋಗ್ಯವನ್ನು ಬೆಲೆಯಾಗಿ ತೆತ್ತ ಚಿನ್ನವನ್ನು ಮತ್ತೊಬ್ಬನು ಒಂದು ಮಧ್ಯಾಹ್ನದ ಉತ್ಸಾಹದಲ್ಲಿ ಉಜ್ಜಿ ತೆಗೆದರೆ ಅದನ್ನು ಶುಚಿಗೊಳಿಸುವಿಕೆ ಎನ್ನಬಹುದೇ? ಮೃದುವಾದ ಒಣ ಬಟ್ಟೆಯಿಂದ ಧೂಳು ಒರೆಸುವುದೇ ಮನೆಯವರ ಕೈಯ ಕೆಲಸದ ಮಿತಿ.

ಎನಾಮೆಲ್ ಮುಖದ ವಿಷಯವೂ ಹೀಗೆಯೇ. ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯನ್ನು ಕರಗಿಸಿ ಮಾಡಿದ ಈ ಮುಖದ ಬಿಳುಪು ನೂರೈವತ್ತು ವರ್ಷಗಳಾದರೂ ಮಾಸುವುದಿಲ್ಲ. ಆದರೆ ಪೆಟ್ಟು ಬಿದ್ದರೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಬಿರುಕನ್ನು ಬಣ್ಣದಿಂದ ಮುಚ್ಚಿದರೆ ಕೆಲವೇ ವರ್ಷಗಳಲ್ಲಿ ಬಣ್ಣ ಹಳದಿಗಟ್ಟಿ ಮೊದಲಿಗಿಂತ ವಿಕಾರವಾಗಿ ಕಾಣುತ್ತದೆ. ಮರೆಮಾಚಿದ ಬಿರುಕಿಗಿಂತ ಇದ್ದಂತೆಯೇ ಇರುವ ಬಿರುಕು ಲೇಸು. ಗಾಜಿನ ಮೂಲೆ ಕಿತ್ತಿದ್ದರೂ ಇದೇ ಮಾತು ಸಲ್ಲುತ್ತದೆ.

ಒಳಗಿನ ಯಂತ್ರಕ್ಕೆ ಎರಡು ಶತ್ರುಗಳು: ಒಣಗಿದ ಎಣ್ಣೆ ಮತ್ತು ಅವಸರದ ರಿಪೇರಿ. ಎಣ್ಣೆಯು ವರ್ಷಗಳು ಕಳೆದಂತೆ ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಆ ಧೂಳು ಅರದಂತೆ ಉಕ್ಕಿನ ಅಚ್ಚುಗಳನ್ನೂ ಅವು ತಿರುಗುವ ಹಿತ್ತಾಳೆಯ ರಂಧ್ರಗಳನ್ನೂ ಸವೆಸುತ್ತದೆ. ಗಡಿಯಾರ ನಡೆಯುತ್ತಿದೆಯೆಂಬುದೇ ಆರೋಗ್ಯದ ಲಕ್ಷಣವಲ್ಲ. ಬಲವಾದ ಸ್ಪ್ರಿಂಗು ಕೊಳೆತುಂಬಿದ ಯಂತ್ರವನ್ನೂ ಎಳೆದು ನಡೆಸಬಲ್ಲುದು. ಹಾಗೆ ನಡೆದ ಪ್ರತಿ ದಿನವೂ ಸವೆತದ ದಿನ. ಹಳೆಯದರ ಮೇಲೆ ಹೊಸ ಎಣ್ಣೆ ಸುರಿದರೆ ರೋಗ ಉಲ್ಬಣಿಸುತ್ತದೆ. ಕೆಲವು ವರ್ಷಗಳಿಗೊಮ್ಮೆ ಬಲ್ಲವರಿಂದ ಪೂರ್ತಿ ಬಿಚ್ಚಿಸಿ ತೊಳೆಸುವುದೊಂದೇ ಮಾರ್ಗ. ಅಲ್ಲಿಯವರೆಗೆ ಕೀಲಿ ಕೊಡದೆ ಸುಮ್ಮನೆ ಇರಿಸುವುದು ಕ್ಷೇಮ.

ಅವಸರದ ರಿಪೇರಿಗೆ ಹೆಚ್ಚಾಗಿ ಬಲಿಯಾಗುವುದು ನೆತ್ತಿಯ ಪ್ಲಾಟ್‌ಫಾರ್ಮ್. ಅದರ ಸೂಕ್ಷ್ಮ ಭಾಗ ಸವೆದಾಗ ಸರಿಪಡಿಸುವ ಶ್ರಮವನ್ನು ತಪ್ಪಿಸಿಕೊಳ್ಳಲು ಇಡೀ ಹಲಗೆಯನ್ನೇ ಕಿತ್ತು ಹೊಸದನ್ನು ಕೂರಿಸುವ ಪದ್ಧತಿ ಬೆಳೆಯಿತು. ಗಡಿಯಾರವೇನೋ ಚೆನ್ನಾಗಿಯೇ ನಡೆಯುತ್ತದೆ. ಆದರೆ ಪಕ್ಕದಲ್ಲಿ ಖಾಲಿ ಉಳಿದ ಹಳೆಯ ಮೊಳೆಯ ರಂಧ್ರಗಳು ನಡೆದುದನ್ನು ಸಾರುತ್ತವೆ. ಇದಕ್ಕೆ ವಿರುದ್ಧವಾಗಿ, ಪ್ರಾಮಾಣಿಕ ಕೆಲಸಗಾರರು ಒಳಭಾಗದಲ್ಲಿ ಕಾಣದಂತೆ ಗೀರಿಟ್ಟ ತಾರೀಖುಗಳೂ ಇರುತ್ತವೆ. ಸ್ಪ್ರಿಂಗಿನ ಮೇಲೆಯೇ ಅದನ್ನು ಮಾಡಿದವನ ಹೆಸರು, ತಿಂಗಳು, ವರ್ಷಗಳು ಕೆಲವೊಮ್ಮೆ ದೊರೆಯುತ್ತವೆ. ಇವು ಕಲೆಗಳಲ್ಲ, ಶಾಸನಗಳು. ಗಡಿಯಾರದ ಸಂಖ್ಯೆಯನ್ನೇ ಹೊತ್ತ ಕೀಲಿಕೈ, ಬಣ್ಣಗೆಟ್ಟ ಚರ್ಮದ ಹೊರಪೆಟ್ಟಿಗೆ ಇವನ್ನು ನಿರುಪಯುಕ್ತವೆಂದು ಎಸೆಯುವವರು ಆ ವಸ್ತುವಿನ ಪ್ರಯಾಣದ ಸಾಕ್ಷಿಗಳನ್ನೇ ಎಸೆದಂತೆ.

1914ರ ಮಹಾಯುದ್ಧದ ತರುವಾಯ ಕೈಗಡಿಯಾರದ ಕಾಲ ಬಂದಿತು. ಪ್ರಯಾಣ ಗಡಿಯಾರವು ಪ್ರಯಾಣವನ್ನು ನಿಲ್ಲಿಸಿ ಮೇಜಿನ ಮೇಲೆ ಕುಳಿತಿತು. ಸೇಂಟ್ ನಿಕೊಲಾದ ಕಾರ್ಖಾನೆಗಳು ಅಲಾರಂ ಗಡಿಯಾರಗಳತ್ತ ತಿರುಗಿ, ಕಾಲಾಂತರದಲ್ಲಿ ಅವೂ ನಿಂತುಹೋದವು. ಈಗ ಆ ಊರಿನಲ್ಲಿ ಒಂದು ಗಡಿಯಾರ ವಸ್ತುಸಂಗ್ರಹಾಲಯವಿದೆ.

ಪುರಾತನ ವಸ್ತುಗಳನ್ನು ಕಾಪಾಡುವವರು ಇಂದು ಅನುಸರಿಸುವ ನಿಯಮ ಮೂರೇ ಮಾತಿನದು: ಅಗತ್ಯವಾದಷ್ಟೇ ಮಾಡು, ಮಾಡಿದ್ದನ್ನು ಮುಂದೆ ಬಿಚ್ಚಲು ಬರುವಂತೆ ಮಾಡು, ಮಾಡಿದ್ದೆಲ್ಲವನ್ನೂ ಬರೆದಿಡು. ಈ ನಿಯಮದ ಹಿಂದಿರುವುದು ವಿನಯ. ವಸ್ತುವಿಗೆ ನಾವು ಒಡೆಯರಲ್ಲ, ಕೆಲವು ಕಾಲದ ಕಾವಲುಗಾರರು; ನಮಗಿಂತ ಹಿಂದೆ ಅದನ್ನು ಮಾಡಿದವರಿದ್ದರು, ಮುಂದೆ ನೋಡುವವರಿದ್ದಾರೆ ಎಂಬ ಅರಿವು. ಹಳೆಯ ಗಡಿಯಾರವೊಂದರ ಮುಂದೆ ನಿಂತಾಗ ಅದು ಎಷ್ಟು ಹೊಳೆಯುತ್ತಿದೆ ಎಂದು ಕೇಳುವುದಕ್ಕಿಂತ, ಅದರಲ್ಲಿ ಮೊದಲಿನವರ ಕೈಕೆಲಸ ಎಷ್ಟು ಉಳಿದಿದೆ ಎಂದು ಕೇಳುವುದು ಉಚಿತ. ಸುಸ್ಥಿತಿಯ ನಿಜವಾದ ಅಳತೆ ಅದೊಂದೇ.